ತಂದೆ-ತಾಯಿಯ ಮದುವೆ, ಮಗುವಿನ ದೀಕ್ಷಾಸ್ನಾನ

(ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ಕಥೋಲಿಕ ಪಾಲಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸ. ಧ್ವನಿಮುದ್ರಣದಿಂದ ಬರಹಕ್ಕಿಳಿಸಿ ತಿದ್ದಿದ ರೂಪ.)

ಮಗುವಿಗೆ ಎರಡು ವರ್ಷ ತುಂಬಿದೆ, ಮೂರು ತುಂಬಿದೆ, ಇನ್ನೂ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆಗಿಲ್ಲ. ಏಕೆ ಎಂದು ಕೇಳಿದರೆ ತಾಯಿ ತಲೆ ತಗ್ಗಿಸುತ್ತಾಳೆ. ‘ನಮ್ಮ ಮದುವೆ ಚರ್ಚಿನಲ್ಲಿ ಆಗಿಲ್ಲ. ಯಾವ ಮುಖ ಇಟ್ಟುಕೊಂಡು ಫಾದರ್ ಹತ್ತಿರ ಹೋಗುವುದು?’ ನಾನು ವೃತ್ತಿಯಿಂದ ವಕೀಲೆ. ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಕಲಿಸುತ್ತೇನೆ. ಈ ಮಾತನ್ನು ಎರಡೂ ಕಡೆ ಕೇಳಿದ್ದೇನೆ: ಕಚೇರಿಯಲ್ಲಿ ಕಾಗದ ಪತ್ರ ಹಿಡಿದುಕೊಂಡು ಬಂದವರಿಂದ, ಧರ್ಮೋಪದೇಶದ ತರಗತಿಯ ಬಾಗಿಲಲ್ಲಿ ಮಗುವಿನ ಕೈ ಹಿಡಿದು ಒಳಗೆ ಬರಲು ಹಿಂಜರಿದು ನಿಂತವರಿಂದ. ಇವತ್ತಿನ ನನ್ನ ಮಾತು ಅವರಿಗಾಗಿ. ಅಂಥವರ ಅಣ್ಣ, ಅಕ್ಕ, ಅಜ್ಜಿ, ನೆರೆಯವರು ಇಲ್ಲಿ ಕೂತಿದ್ದೀರಿ. ನಿಮ್ಮ ಬಾಯಿಂದ ಅವರಿಗೆ ಈ ಮಾತು ಮುಟ್ಟಲಿ.

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ತಂದೆ-ತಾಯಿಯ ಮದುವೆಗೆ ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ಮಾನ್ಯತೆ ಇಲ್ಲ ಎಂಬ ಒಂದೇ ಕಾರಣಕ್ಕೆ ಮಗುವಿನ ದೀಕ್ಷಾಸ್ನಾನ ನಿಲ್ಲಬೇಕಾಗಿಲ್ಲ. ಮಗು ಚರ್ಚಿನಲ್ಲಿ ಮೊದಲ ಸಲ ಪ್ರಸಾದ ಸ್ವೀಕರಿಸುವ ಪ್ರಥಮ ಪರಮಪ್ರಸಾದ ನಿಲ್ಲಬೇಕಾಗಿಲ್ಲ. ವಿಶ್ವಾಸವನ್ನು ಗಟ್ಟಿಗೊಳಿಸುವ ದೃಢೀಕರಣ ಸಂಸ್ಕಾರವೂ ನಿಲ್ಲಬೇಕಾಗಿಲ್ಲ. ಅಣ್ಣನ ಹೊಲದ ಮೇಲೆ ತಕರಾರು ಇದೆ ಎಂದು ತಮ್ಮನ ಹೊಲದ ಉತಾರ ಕೊಡುವುದನ್ನು ಯಾರೂ ತಡೆಯುವುದಿಲ್ಲ. ಮದುವೆಯ ಕಡತ ಬೇರೆ, ಮಗುವಿನ ಕಡತ ಬೇರೆ. ಇವೆರಡನ್ನೂ ಒಂದೇ ದಾರದಲ್ಲಿ ಕಟ್ಟಿದವರು ನಾವು. ಸ್ವಲ್ಪ ಭಯದಿಂದ ಕಟ್ಟಿದೆವು, ಸ್ವಲ್ಪ ನಾಚಿಕೆಯಿಂದ ಕಟ್ಟಿದೆವು. ಕೆಲವೊಮ್ಮೆ ಧರ್ಮಕೇಂದ್ರದ ಕಚೇರಿಯಲ್ಲಿ ಕೂತವರ ಗಡಸು ಮಾತೂ ಗಂಟು ಬಿಗಿಯಿತು.

ಮಾನ್ಯತೆ ಇಲ್ಲದ ಮದುವೆ ಎಂದರೆ ಯಾವುದು? ಒಬ್ಬರಾದರೂ ಕಥೋಲಿಕರಾಗಿದ್ದರೆ, ಮದುವೆ ಅಧಿಕಾರವುಳ್ಳ ಗುರುಗಳ (ಫಾದರ್) ಅಥವಾ ಉಪಗುರುಗಳ (ಡೀಕನ್) ಮುಂದೆ, ಇಬ್ಬರು ಸಾಕ್ಷಿಗಳ ಎದುರು ನಡೆಯಬೇಕು. ಹಾಗೆ ನಡೆಯದೆ, ಧರ್ಮಾಧ್ಯಕ್ಷರಿಂದ (ಬಿಷಪ್) ವಿನಾಯಿತಿಯನ್ನೂ ಪಡೆಯದೆ ನೋಂದಣಿ ಕಚೇರಿಯಲ್ಲೋ ಕಲ್ಯಾಣ ಮಂಟಪದಲ್ಲೋ ಆದ ಮದುವೆ ಸರಕಾರಕ್ಕೆ ಸರಿ ಇರಬಹುದು, ಧರ್ಮಸಭೆಯ ಲೆಕ್ಕದಲ್ಲಿ ಊರ್ಜಿತವಲ್ಲ. ಕಥೋಲಿಕರು ಮೆಥೊಡಿಸ್ಟ್ ಹುಡುಗನನ್ನು ಅವರದೇ ಚರ್ಚಿನಲ್ಲಿ, ವಿನಾಯಿತಿ ಇಲ್ಲದೆ ಮದುವೆಯಾದರೂ ಇದೇ ಮಾತು. ಸಂಗಾತಿಗೆ ದೀಕ್ಷಾಸ್ನಾನವೇ ಆಗಿಲ್ಲದಿದ್ದರೆ, ನಮ್ಮ ಭಾಗದಲ್ಲಿ ಹೆಚ್ಚಾಗಿ ಲಿಂಗಾಯತ, ಮರಾಠಾ, ಕುರುಬ ಮನೆತನದವರು, ಅದಕ್ಕೆ ಇನ್ನೊಂದು ಪ್ರತ್ಯೇಕ ವಿನಾಯಿತಿ ಬೇಕು. ಕೊನೆಯದು ಎಲ್ಲಕ್ಕಿಂತ ಕಠಿಣ: ಮೊದಲ ಮದುವೆ ಧರ್ಮಸಭೆಯ ದೃಷ್ಟಿಯಲ್ಲಿ ಇನ್ನೂ ಜೀವಂತವಾಗಿರುವಾಗ ನ್ಯಾಯಾಲಯದಲ್ಲಿ ವಿಚ್ಛೇದನ ಪಡೆದು ಎರಡನೆಯ ಮದುವೆಯಾದವರು.

ಇವರೆಲ್ಲರ ಪರಿಸ್ಥಿತಿ ಒಂದೇ ಅಲ್ಲ. ಆದರೆ ಮಗುವಿನ ವಿಷಯಕ್ಕೆ ಬಂದರೆ ಧರ್ಮಸಭೆಯ ಕಾನೂನು ಕೇಳುವ ಪ್ರಶ್ನೆ ಎಲ್ಲರಿಗೂ ಒಂದೇ. ಧರ್ಮಸಭೆಯ ಕಾನೂನುಗಳ ಪುಸ್ತಕವಾದ ಸಂಹಿತೆಯ 868ನೆಯ ವಿಧಿ ಎರಡು ಸಂಗತಿ ನೋಡುತ್ತದೆ. ತಂದೆ-ತಾಯಿಯರಲ್ಲಿ ಒಬ್ಬರದಾದರೂ ಒಪ್ಪಿಗೆ ಇದೆಯೇ? ಮಗು ಕಥೋಲಿಕ ವಿಶ್ವಾಸದಲ್ಲಿ ಬೆಳೆಯುತ್ತದೆ ಎಂಬ ಆಧಾರವುಳ್ಳ ಭರವಸೆ ಇದೆಯೇ? ಆ ಭರವಸೆ ಕಿಂಚಿತ್ತೂ ಇಲ್ಲದಿದ್ದರೆ ಮಾತ್ರ ದೀಕ್ಷಾಸ್ನಾನವನ್ನು ಮುಂದೂಡಬೇಕು, ಕಾರಣವನ್ನು ಪಾಲಕರಿಗೆ ತಿಳಿಸಬೇಕು. ಕೊಡಲೇಬಾರದು ಎಂದು ಬಾಗಿಲು ಮುಚ್ಚುವ ಮಾತು ಅಲ್ಲಿಲ್ಲ.

ಆ ಭರವಸೆ ಎಲ್ಲಿಂದ ಬರಬೇಕು? ಶಿಶುಗಳ ದೀಕ್ಷಾಸ್ನಾನದ ಬಗ್ಗೆ ವ್ಯಾಟಿಕನ್ 1980ರ ಅಕ್ಟೋಬರ್ 20ರಂದು ಹೊರಡಿಸಿದ ನಿರ್ದೇಶನವನ್ನು ನೋಡಿ. ಮಗುವನ್ನು ನಿಜವಾಗಿ ನೋಡಿಕೊಳ್ಳುವ ಜ್ಞಾನಪೋಷಕರು (ಗಾಡ್‌ಪೇರೆಂಟ್ಸ್) ಸಿಕ್ಕರೂ, ವಿಶ್ವಾಸಿಗಳ ಸಮುದಾಯ ಬೆಂಬಲಕ್ಕೆ ನಿಂತರೂ ಅದನ್ನು ಭರವಸೆಯಾಗಿ ಪರಿಗಣಿಸಬಹುದು ಎಂಬ ಅರ್ಥದ ಮಾತು ಅದರಲ್ಲಿದೆ. ಅಂದರೆ ಮಗಳು ಅಂಜಿ ಮನೆಯಲ್ಲೇ ಉಳಿದಿದ್ದರೆ ಅವಳ ಪರವಾಗಿ ನಿಲ್ಲುವ ಹೊಣೆ ನಮ್ಮ ಮೇಲೂ ಇದೆ. ‘ನಾನು ಪ್ರತಿ ಭಾನುವಾರ ಮಗುವನ್ನು ಚರ್ಚಿನ ಪೂಜೆಗೆ ಕರೆತರುತ್ತೇನೆ’ ಎಂದು ಸೋದರಮಾವ ಹೇಳಿದರೆ, ಹೇಳಿದಂತೆ ನಡೆದರೆ, ಅದಕ್ಕೆ ಬೆಲೆ ಇದೆ.

2014ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಸಿಸ್ಟೀನ್ ದೇವಾಲಯದಲ್ಲಿ 32 ಶಿಶುಗಳಿಗೆ ದೀಕ್ಷಾಸ್ನಾನ ಕೊಟ್ಟರು. ಅವುಗಳಲ್ಲಿ ಒಂದು ಮಗುವಿನ ತಂದೆ-ತಾಯಿ ಸರಕಾರಿ ಮದುವೆಯಷ್ಟೇ ಆದವರು. ಪತ್ರಿಕೆಗಳು ಅದನ್ನು ದೊಡ್ಡ ಸುದ್ದಿ ಮಾಡಿದವು. ನನಗೆ ಅದು ಸುದ್ದಿಯಾಗಿ ಕಾಣಲಿಲ್ಲ, ಸಮಾಧಾನವಾಗಿ ಕಂಡಿತು. ಕಾನೂನಿನಲ್ಲಿ ಮೊದಲಿನಿಂದ ಇದ್ದದ್ದನ್ನು ಅವರು ಎಲ್ಲರ ಕಣ್ಣೆದುರು ಮಾಡಿ ತೋರಿಸಿದರು.

ಹಾಗಾದರೆ ಈ ಭಯ ಎಲ್ಲಿಂದ ಬಂತು? ನಮ್ಮ ಅಜ್ಜ-ಅಜ್ಜಿಯರ ಕಾಲದಿಂದ. ಅವರು 1917ರ ಸಂಹಿತೆಯ ಕೆಳಗೆ ಬೆಳೆದವರು. ಆಗ ವಿವಾಹಬಾಹಿರವಾಗಿ ಹುಟ್ಟಿದ ಮಗ ಗುರುದೀಕ್ಷೆ ಪಡೆಯಬೇಕಾದರೆ ವಿಶೇಷ ವಿನಾಯಿತಿ ಬೇಕಾಗುತ್ತಿತ್ತು. ಮಗುವಿನ ಹೆಸರಿನ ಜೊತೆ ತಂದೆ-ತಾಯಿಯ ಮದುವೆಯ ಕಥೆಯೂ ಜೀವನಪೂರ್ತಿ ನಡೆದು ಬರುತ್ತಿತ್ತು. 1983ರ ನವೆಂಬರ್ 27ರಂದು ಜಾರಿಗೆ ಬಂದ ಈಗಿನ ಸಂಹಿತೆ ಆ ಅಡ್ಡಿಯನ್ನು ಕೈಬಿಟ್ಟಿತು. ಕಾನೂನು ಬದಲಾಗಿ ನಾಲ್ಕು ದಶಕ ದಾಟಿದೆ. ಮನೆಮಾತು ಬದಲಾಗಿಲ್ಲ.

ದೀಕ್ಷಾಸ್ನಾನದ ದಾಖಲೆ ಪುಸ್ತಕದಲ್ಲಿ ಏನು ಬರೆಯಬೇಕು ಎಂದು ಸಂಹಿತೆ ಹೇಳುತ್ತದೆ. ಮಗುವಿನ ಹೆಸರು, ತಂದೆ-ತಾಯಿಯ ಹೆಸರು, ಜ್ಞಾನಪೋಷಕರ ಹೆಸರು, ಸಂಸ್ಕಾರ ಕೊಟ್ಟವರ ಹೆಸರು, ಕೊಟ್ಟ ಸ್ಥಳ, ದಿನಾಂಕ, ಹುಟ್ಟಿದ ಸ್ಥಳ, ದಿನಾಂಕ. ತಂದೆ-ತಾಯಿ ಎಲ್ಲಿ, ಹೇಗೆ ಮದುವೆಯಾದರು ಎಂಬ ವಿವರ ಈ ಸಾಲಿನಲ್ಲಿ ಇಲ್ಲ. ಪುಟದ ಅಂಚಿನಲ್ಲಿ ಮುಂದೆ ಬರೆಯುವ ಟಿಪ್ಪಣಿಗಳು ಆ ಮಗುವಿನವೇ: ದೃಢೀಕರಣ ಯಾವಾಗ ಆಯಿತು, ಮದುವೆ ಯಾರೊಂದಿಗೆ ಆಯಿತು, ಗುರುದೀಕ್ಷೆಯೋ ಸನ್ಯಾಸ ವ್ರತವೋ ಆಯಿತೇ. ಆ ಪುಟ ಮಗುವಿನ ಜೀವನಕ್ಕೆ ಮೀಸಲು. ನೀವು ಹೆದರುತ್ತಿರುವ ಪುಸ್ತಕ ಅದೇ ಆಗಿದ್ದರೆ ಹೆದರಬೇಡಿ.

ಜ್ಞಾನಪೋಷಕರ ಬಗ್ಗೆ ಎರಡು ಮಾತು. ಒಬ್ಬರು ಸಾಕು. ಇಬ್ಬರಾದರೆ ಒಬ್ಬ ಗಂಡಸು, ಒಬ್ಬ ಹೆಂಗಸು. ಸಾಮಾನ್ಯವಾಗಿ 16 ವರ್ಷ ತುಂಬಿರಬೇಕು, ದೃಢೀಕರಣ ಆಗಿರಬೇಕು, ವಿಶ್ವಾಸಕ್ಕೆ ತಕ್ಕ ಬಾಳು ನಡೆಸುತ್ತಿರಬೇಕು. ಹೆತ್ತವರು ಆಗುವಂತಿಲ್ಲ. ಪ್ರಾಟೆಸ್ಟಂಟ್ ಬಂಧುಗಳು ಕಥೋಲಿಕ ಪೋಷಕರ ಜೊತೆಗೆ ಸಾಕ್ಷಿಯಾಗಿ ನಿಲ್ಲಬಹುದು. ಬೇರೆಯವರ ಮನೆಯಲ್ಲಿ ಮಗುವಿಗೆ ಚಿನ್ನದ ಸರ ಹಾಕುವ ಚಿಕ್ಕಪ್ಪನನ್ನು ಆರಿಸಿದರೂ ಮಗು ಹೇಗೋ ಬೆಳೆಯುತ್ತದೆ, ತಾಯಿ-ತಂದೆ ಇಬ್ಬರೂ ಪೂಜೆಗೆ ಹೋಗುವವರು. ನಿಮ್ಮ ಮನೆಯಲ್ಲಿ ಹಾಗಲ್ಲ. ಸರ ಹಾಕುವವರನ್ನು ಬಿಡಿ, ಭಾನುವಾರ ಬೆಳಿಗ್ಗೆ ಬಂದು ಬಾಗಿಲು ತಟ್ಟುವವರನ್ನು ಆರಿಸಿ.

ಇನ್ನು ಬೀಗರ ಮನೆಯ ವಿಷಯ. ಇದರ ಬಗ್ಗೆ ಹೆಚ್ಚು ಹೊತ್ತು ಮಾತನಾಡಬೇಕು, ಏಕೆಂದರೆ ಗೋಕಾಕ, ಜಮಖಂಡಿ, ಇಂಡಿ, ಹುನಗುಂದದ ಕಡೆ ಮದುವೆಯಾಗಿ ಹೋದ ನಮ್ಮ ಹೆಣ್ಣುಮಕ್ಕಳು ಒಂದು ಇಡೀ ಓಣಿಯಲ್ಲಿ ಒಬ್ಬರೇ ಕಥೋಲಿಕರು. ಭಾನುವಾರದ ಪೂಜೆಗೆ ಬಸ್ ಹತ್ತಿ ಬೇರೆ ಊರಿಗೆ ಹೋಗಬೇಕು. ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ಮನೆಯ ಸ್ವಾಮಿಗಳು ಬಂದು ಲಿಂಗಧಾರಣೆ ಮಾಡುತ್ತಾರೆ. ತೊಟ್ಟಿಲಿಗೆ ಹಾಕುತ್ತಾರೆ, ಹೆಸರಿಡುತ್ತಾರೆ, ಗುಗ್ಗರಿ ಹಂಚುತ್ತಾರೆ. ಮುಂದೆ ಜಾವಳ, ಕಿವಿ ಚುಚ್ಚಿಸುವುದು. ಬಾಣಂತಿ ಇದರಲ್ಲಿ ಯಾವುದಕ್ಕೆ ಒಪ್ಪಬೇಕು, ಯಾವುದಕ್ಕೆ ಬೇಡ ಎನ್ನಬೇಕು?

ನನ್ನ ಅಭಿಪ್ರಾಯ ಹೇಳುತ್ತೇನೆ. ತೊಟ್ಟಿಲು, ಗುಗ್ಗರಿ, ಸೋಬಾನೆ ಪದ ಇವು ಮನೆಯ ಸಂಭ್ರಮ. ಅಜ್ಜಿ ಮೊಮ್ಮಗುವನ್ನು ಮಡಿಲಲ್ಲಿ ಇಟ್ಟುಕೊಂಡು ಹಾಡುವುದನ್ನು ಯಾವ ವಿಶ್ವಾಸವೂ ಬೇಡ ಎನ್ನುವುದಿಲ್ಲ. ಹೆಸರಿನ ವಿಷಯದಲ್ಲೂ ಜಗಳ ಬೇಡ. ಸಂತರ ಹೆಸರನ್ನೇ ಇಡಬೇಕು ಎಂದು ಈಗಿನ ಕಾನೂನು ಕೇಳುವುದಿಲ್ಲ. ಕ್ರೈಸ್ತ ಭಾವನೆಗೆ ಒಗ್ಗದ ಹೆಸರು ಬೇಡ ಎನ್ನುತ್ತದೆ, ಅಷ್ಟೇ. ಮುತ್ತಜ್ಜಿಯ ಶಾಂತವ್ವ ಎಂಬ ಹೆಸರು ಮಗುವಿಗೆ ಬಂದರೆ ಬರಲಿ. ಲಿಂಗಧಾರಣೆ ಮಾತ್ರ ಬೇರೆ. ಅದು ಅಲಂಕಾರದ ಕಾರ್ಯವಲ್ಲ, ಒಂದು ಧರ್ಮದ ದೀಕ್ಷೆ. ಅದನ್ನು ಆಟದ ಸಾಮಾನಿನಂತೆ ಕಂಡು ‘ಇದೂ ಇರಲಿ, ಅದೂ ಇರಲಿ’ ಎಂದು ಎರಡನ್ನೂ ಮಾಡಿಸುವುದು ನಮ್ಮ ದೀಕ್ಷಾಸ್ನಾನಕ್ಕೆ ಮಾತ್ರವಲ್ಲ, ಅವರ ಶ್ರದ್ಧೆಗೂ ಅಗೌರವ. ಹೆರಿಗೆ ಕೋಣೆಯಿಂದ ಬಂದ ಮೇಲೆ ಅಳುತ್ತಾ ಜಗಳವಾಡುವ ಮಾತಲ್ಲ ಇದು. ಬಸುರಿಯಾದ ಆರನೆಯ, ಏಳನೆಯ ತಿಂಗಳಲ್ಲಿ ಗಂಡ-ಹೆಂಡತಿ ಇಬ್ಬರೇ ಕೂತು ತೀರ್ಮಾನಿಸಬೇಕು. ಅತ್ತೆ-ಮಾವನಿಗೆ ತಿಳಿಸುವ ಕೆಲಸ ಗಂಡನದು. ಸೊಸೆಯ ಬಾಯಿಂದ ಬಂದರೆ ಅದು ಸೊಸೆಯ ಹಟ ಎನಿಸುತ್ತದೆ, ಮಗನ ಬಾಯಿಂದ ಬಂದರೆ ಮನೆಯ ನಿರ್ಧಾರ ಎನಿಸುತ್ತದೆ.

ಇಷ್ಟೆಲ್ಲ ಮಾಡಿದರೂ ಮನೆಯವರು ಒಪ್ಪದಿದ್ದರೆ? ವಿನಾಯಿತಿ ಪಡೆದು ಮದುವೆಯಾಗುವ ಕಥೋಲಿಕ ವಧುವೋ ವರನೋ ಒಂದು ಮಾತು ಕೊಡುತ್ತಾರೆ: ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸಿ ಕಥೋಲಿಕ ವಿಶ್ವಾಸದಲ್ಲಿ ಬೆಳೆಸಲು ತನ್ನಿಂದ ಸಾಧ್ಯವಿರುವುದನ್ನೆಲ್ಲ ಮಾಡುತ್ತೇನೆ ಎಂದು. ಆ ಮಾತು ಸಾಧ್ಯವಿರುವುದನ್ನು ಕೇಳುತ್ತದೆ, ಮನೆ ಒಡೆಯುವುದನ್ನು ಕೇಳುವುದಿಲ್ಲ. ವಿನಾಯಿತಿ ಇಲ್ಲದೆ ಮದುವೆಯಾದವರಿಗೂ ಈ ಅಳತೆಯೇ ಸಾಕು. ಮಾಡಬಹುದಾದದ್ದು ಯಾವಾಗಲೂ ಏನಾದರೂ ಇರುತ್ತದೆ. ಮಲಗುವ ಮುನ್ನ ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಲು ಯಾರ ಅಪ್ಪಣೆಯೂ ಬೇಡ. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಕಲಿಸಲು ಗುರುಗಳ ಸಹಿ ಬೇಡ. ಕ್ರಿಸ್ಮಸ್ ಬಂದಾಗ ಹಿತ್ತಿಲಿನ ಮಣ್ಣು, ಜೋಳದ ದಂಟು ತಂದು ಗೋದಲಿ ಮಾಡಿ. ಅಕ್ಟೋಬರಿನಲ್ಲಿ ಒಂದು ಹತ್ತರ ಜಪಮಾಲೆಯಾದರೂ ಹೇಳಿ. ‘ಮದುವೆಯ ಕಾಗದ ಸರಿಯಾಗಲಿ, ಆಮೇಲೆ ಪ್ರಾರ್ಥನೆ ಶುರು ಮಾಡೋಣ’ ಎಂದು ಕೂತರೆ ಮಗುವಿಗೆ ಹತ್ತು ವರ್ಷವಾಗಿರುತ್ತದೆ. ಬಾಯಿಪಾಠ ಬರುವ ವಯಸ್ಸು, ನಂಬುವ ವಯಸ್ಸು ಕೈಬಿಟ್ಟಿರುತ್ತದೆ.

ಎಳ್ಳಮವಾಸ್ಯೆಗೆ ಅಜ್ಜನ ಹೊಲಕ್ಕೆ ಮಗುವನ್ನು ಕಳಿಸಬಹುದೇ ಎಂದು ವಿಜಯಪುರದ ಕಡೆಯ ಒಬ್ಬ ತಾಯಿ ನನ್ನನ್ನು ಕೇಳಿದ್ದರು. ಖಂಡಿತ ಕಳಿಸಿ. ಬಂಡಿಯಲ್ಲಿ ಹೋಗಲಿ, ಸಜ್ಜಿ ರೊಟ್ಟಿ, ಪುಂಡಿಪಲ್ಯ, ಕಡಬು ತಿಂದು ಬರಲಿ. ಅಜ್ಜ ಚರಗ ಚೆಲ್ಲುವುದನ್ನು ನೋಡಲಿ. ‘ಅಜ್ಜ ಭೂಮಿತಾಯಿಯನ್ನು ಹೀಗೆ ನೆನೆಯುತ್ತಾರೆ, ನಾವು ಬೆಳೆ ಕೊಟ್ಟ ದೇವರಿಗೆ ಹೀಗೆ ವಂದಿಸುತ್ತೇವೆ’ ಎಂದು ಮನೆಯಲ್ಲಿ ಹೇಳಿ. ಅಜ್ಜನನ್ನು ಕಡೆಗಣಿಸಿ ಕಲಿತ ಧರ್ಮ ಮಗುವಿನ ಎದೆಯಲ್ಲಿ ಉಳಿಯುವುದಿಲ್ಲ.

ಈಗ ಪ್ರಥಮ ಪರಮಪ್ರಸಾದದ ವಿಷಯಕ್ಕೆ ಬರುತ್ತೇನೆ. ದೀಕ್ಷಾಸ್ನಾನದಲ್ಲಿ ಶಿಶುವಿಗೆ ಏನೂ ತಿಳಿಯುವುದಿಲ್ಲ. ಏಳೆಂಟು ವರ್ಷದ ಮಗುವಿಗೆ ಎಲ್ಲವೂ ಕಾಣುತ್ತದೆ. ಬಿಳಿ ಅಂಗಿ, ಮೇಣದಬತ್ತಿ, ತಾಲೀಮು ಎಲ್ಲ ಮುಗಿದಿದೆ. ಮಗು ಮುಂದಿನ ಬೆಂಚಿನಲ್ಲಿದೆ. ಉಳಿದ ಮಕ್ಕಳ ತಂದೆ-ತಾಯಿ ಅವರ ಹಿಂದೆಯೇ ಸಾಲಿನಲ್ಲಿ ಬಂದು ಪ್ರಸಾದ ಸ್ವೀಕರಿಸುತ್ತಾರೆ. ಮದುವೆಗೆ ಮಾನ್ಯತೆ ಇಲ್ಲದ್ದರಿಂದ ಈ ಮಗುವಿನ ತಾಯಿ ಮಾತ್ರ ಬೆಂಚಿನಲ್ಲೇ ಮೊಣಕಾಲೂರಿ ಉಳಿಯುತ್ತಾಳೆ. ಮಗು ತಿರುಗಿ ನೋಡುತ್ತದೆ. ಅವತ್ತು ಮಧ್ಯಾಹ್ನ, ಇಲ್ಲವೇ ಮುಂದಿನ ಭಾನುವಾರ, ಪ್ರಶ್ನೆ ಬಂದೇ ಬರುತ್ತದೆ. ‘ಅವ್ವಾ, ನೀನು ಯಾಕೆ ಹೋಗಲಿಲ್ಲ?’

ಇದಕ್ಕೆ ಮನೆಗಳಲ್ಲಿ ಏನೇನು ಉತ್ತರ ಕೊಡುತ್ತಾರೆ ಎಂಬುದು ಮಕ್ಕಳ ಬಾಯಿಂದಲೇ ನನಗೆ ಗೊತ್ತು. ‘ಬೆಳಿಗ್ಗೆ ಚಹಾ ಕುಡಿದಿದ್ದೆ,’ ಅಂದರೆ ಪ್ರಸಾದಕ್ಕೆ ಮುಂಚಿನ ಉಪವಾಸ ಮುರಿದೆ ಎಂಬ ನೆಪ. ಪ್ರತಿ ಭಾನುವಾರ ಚಹಾ ಕುಡಿಯುವ ತಾಯಿಯನ್ನು ಮಗು ಎಷ್ಟು ದಿನ ನಂಬೀತು? ‘ನಾನು ಪಾಪಿ’ ಎನ್ನುವವರಿದ್ದಾರೆ. ದಯವಿಟ್ಟು ಹಾಗೆ ಹೇಳಬೇಡಿ. ಅಷ್ಟು ಚಿಕ್ಕ ಮಗು ತಾಯಿಯನ್ನು ಪಾಪಿ ಎಂದು ಎಣಿಸಿಕೊಂಡು ಮಲಗಬಾರದು. ‘ಆ ಫಾದರ್ ಕೊಡುವುದಿಲ್ಲ’ ಎಂದರೆ ಗುರುಗಳ ಮೇಲೆ ಸಿಟ್ಟು, ‘ನಿನ್ನ ಅಪ್ಪನಿಂದ ಹೀಗಾಯಿತು’ ಎಂದರೆ ಅಪ್ಪನ ಮೇಲೆ ಸಿಟ್ಟು. ಮಗು ಕೇಳಿದ್ದು ಪ್ರಸಾದದ ಬಗ್ಗೆ, ಅದಕ್ಕೆ ಸಿಕ್ಕಿದ್ದು ಒಂದು ಜಗಳ.

ಸತ್ಯವನ್ನು ಮಗುವಿನ ಅಳತೆಗೆ ತಕ್ಕಂತೆ ಹೇಳಿ. ನಾನು ಪಾಲಕರಿಗೆ ಸೂಚಿಸುವ ಮಾತು ಹೀಗಿದೆ: ‘ನಾನೂ ಅಪ್ಪನೂ ಮದುವೆಯಾದಾಗ ಚರ್ಚಿನಲ್ಲಿ ಆಗಬೇಕಾದ ಕೆಲಸ ಆಗಲಿಲ್ಲ. ಅದು ಸರಿಯಾಗುವವರೆಗೆ ನಾನು ಪ್ರಸಾದ ಸ್ವೀಕರಿಸುವುದಿಲ್ಲ. ಯೇಸುಸ್ವಾಮಿಯ ಮೇಲೆ ನನಗೆ ಪ್ರೀತಿ ಇದೆ, ಅವರಿಗೂ ನನ್ನ ಮೇಲೆ ಇದೆ. ನಾನು ಕೂತಲ್ಲೇ ಪ್ರಾರ್ಥಿಸುತ್ತೇನೆ. ನೀನು ಸ್ವೀಕರಿಸಿ ಬಂದು ನನ್ನ ಪಕ್ಕ ಕೂತುಕೋ, ಇಬ್ಬರೂ ಕೂಡಿ ಪ್ರಾರ್ಥಿಸೋಣ.’ ಇಷ್ಟು ಸಾಕು. ಇದರಲ್ಲಿ ಸುಳ್ಳಿಲ್ಲ, ಯಾರ ಮೇಲೂ ದೂರಿಲ್ಲ. ಪ್ರಸಾದಕ್ಕೆ ತಾಯಿ ಎಷ್ಟು ಬೆಲೆ ಕೊಡುತ್ತಾಳೆ ಎಂಬುದೂ ಮಗುವಿಗೆ ತಿಳಿಯುತ್ತದೆ. ಹಸಿವಿದ್ದೂ ಕಾಯುವ ತಾಯಿಯನ್ನು ಕಂಡ ಮಗು ಪ್ರಸಾದವನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಇದನ್ನು ನನ್ನ ತರಗತಿಯಲ್ಲೇ ಕಂಡಿದ್ದೇನೆ.

ಎಲ್ಲ ಪಾಲಕರೂ ಸದಾ ಬೆಂಚಿನಲ್ಲೇ ಉಳಿಯಬೇಕು ಎಂದು ನಾನು ಹೇಳುತ್ತಿಲ್ಲ. ಕುಟುಂಬದ ಬಗ್ಗೆ 2016ರಲ್ಲಿ ಪೋಪ್ ಫ್ರಾನ್ಸಿಸ್ ಹೊರಡಿಸಿದ ಪತ್ರ, ಒಬ್ಬೊಬ್ಬರ ಪರಿಸ್ಥಿತಿಯನ್ನು ಗುರುಗಳು ಜೊತೆಗೂಡಿ ವಿವೇಚಿಸಬೇಕು ಎನ್ನುತ್ತದೆ. ಅದನ್ನು ನಿಮ್ಮ ಗುರುಗಳ ಜೊತೆ ಕೂತು ಮಾಡಿ. ಮೊಬೈಲಿನಲ್ಲಿ ಹರಿದು ಬಂದ ಸಂದೇಶ ಓದಿ ನಿಮಗೆ ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ, ಆ ಕಡೆಗೂ ಬೇಡ, ಈ ಕಡೆಗೂ ಬೇಡ. ಅದೇ ಪತ್ರದಲ್ಲಿ ಇನ್ನೊಂದು ವಿಚಾರ ಇದೆ. ಈ ಪಾಲಕರನ್ನು ನಾವು ಬಹಿಷ್ಕೃತರಂತೆ ದೂರ ಇಟ್ಟರೆ, ಮಕ್ಕಳನ್ನು ಕ್ರೈಸ್ತರಾಗಿ ಬೆಳೆಸಿ ಎಂದು ಅವರಿಗೆ ಹೇಳುವುದು ಹೇಗೆ ಎಂದು ಪೋಪ್ ಕೇಳುತ್ತಾರೆ. ಅದಕ್ಕೂ ಮೊದಲು, 1981ರಲ್ಲೇ, ವಿಚ್ಛೇದನ ಪಡೆದು ಮರುಮದುವೆಯಾದವರು ಧರ್ಮಸಭೆಯಿಂದ ಬೇರ್ಪಟ್ಟವರೆಂದು ತಿಳಿಯಬಾರದು, ಮಕ್ಕಳನ್ನು ವಿಶ್ವಾಸದಲ್ಲಿ ಬೆಳೆಸಲು ಅವರನ್ನು ಹುರಿದುಂಬಿಸಬೇಕು ಎಂದು ಪೋಪ್ ಎರಡನೆಯ ಜಾನ್ ಪಾಲ್ ಬರೆದಿದ್ದರು. ಈ ಇಬ್ಬರನ್ನೂ ಒಬ್ಬರಿಗೊಬ್ಬರು ಎದುರಾಳಿಗಳೆಂದು ತೋರಿಸುವವರು ಈ ಒಂದು ವಿಷಯದಲ್ಲಿ ಇಬ್ಬರೂ ಒಂದೇ ಮಾತು ಆಡಿದ್ದನ್ನು ಓದಬೇಕು.

ನನ್ನ ಜೊತೆ ಕಲಿಸುವ ಶಿಕ್ಷಕಿಯರಿಗೂ ಒಂದು ಮಾತು ಹೇಳಬೇಕು. ವಿವಾಹ ಸಂಸ್ಕಾರದ ಪಾಠ ಬಂದಾಗ ಎದುರಿಗೆ ಯಾರ ಮಕ್ಕಳು ಕೂತಿದ್ದಾರೆ ಎಂಬುದನ್ನು ನೆನಪಿಡಿ. ಪಾಠವನ್ನು ತಿರುಚಬೇಡಿ, ಅರ್ಧಕ್ಕೆ ಬಿಡಬೇಡಿ. ‘ಹಾಗೆ ಬದುಕುವವರು’ ಎಂದು ಬೆರಳು ತೋರಿಸುವ ಮಾತು ಮಾತ್ರ ಬೇಡ. ಪ್ರಥಮ ಪರಮಪ್ರಸಾದದ ನೋಂದಣಿಗೆ ಮಗುವಿನ ದೀಕ್ಷಾಸ್ನಾನದ ಪ್ರಮಾಣಪತ್ರ ಕೇಳಿ, ಅದು ಬೇಕು. ತಂದೆ-ತಾಯಿಯ ಮದುವೆಯ ಪ್ರಮಾಣಪತ್ರ ಏಕೆ ಕೇಳುತ್ತೀರಿ? ಒಂದು ಊರಿನಲ್ಲಿ ಅರ್ಜಿಯ ಆ ಒಂದು ಸಾಲಿನಿಂದ ಎರಡು ಮಕ್ಕಳು ವಾಪಸು ಹೋಗಿದ್ದನ್ನು ಬಲ್ಲೆ. ಯಾವ ಊರು ಎಂದು ಹೇಳುವುದಿಲ್ಲ. ಆ ಸಾಲು ನಮ್ಮ ಅರ್ಜಿಗಳಲ್ಲಿದ್ದರೆ ಈ ವಾರವೇ ಹೊಡೆದು ಹಾಕೋಣ.

ಹದಿನಾಲ್ಕು, ಹದಿನೈದಕ್ಕೆ ಬಂದ ಮಕ್ಕಳ ಪ್ರಶ್ನೆ ಬೇರೆ. ‘ನಿಮ್ಮ ಮದುವೆಯನ್ನು ಚರ್ಚ್ ಒಪ್ಪುವುದಿಲ್ಲ ಎಂದರೆ ನಾನು ಯಾರು?’ ಆ ವಯಸ್ಸಿನವರಿಗೆ ಕಾನೂನನ್ನೇ ತೆರೆದು ತೋರಿಸಿ. ಅವರು ವಾದ ಮಾಡುವ ವಯಸ್ಸಿನವರು, ವಾದಕ್ಕೆ ಉತ್ತರ ಇದೆ. ‘ನಿನ್ನ ದೀಕ್ಷಾಸ್ನಾನ ಪೂರ್ಣ ದೀಕ್ಷಾಸ್ನಾನ. ನಮ್ಮ ಮದುವೆಯಿಂದ ಅದಕ್ಕೆ ಏನೂ ಕಡಿಮೆಯಾಗಿಲ್ಲ. ನೀನು ಗುರುವಾಗಬಹುದು, ಸಿಸ್ಟರ್ ಆಗಬಹುದು, ಇದೇ ಚರ್ಚಿನಲ್ಲಿ ಮದುವೆಯಾಗಬಹುದು.’ ಒಂದು ಎಚ್ಚರಿಕೆ: ಮಗುವನ್ನು ವಕೀಲನನ್ನಾಗಿ ಮಾಡಬೇಡಿ. ‘ಅಪ್ಪನಿಗೆ ನೀನೇ ಹೇಳು, ಚರ್ಚಿಗೆ ಬಂದು ಸಹಿ ಮಾಡಲಿ’ ಎಂದು ತಾಯಿ ಮಗಳನ್ನು ಮುಂದೆ ನೂಕುವುದು ನಡೆಯುತ್ತದೆ. ಅಪ್ಪ ಒಪ್ಪದಿದ್ದರೆ ಸೋತವಳು ಆ ಹುಡುಗಿ.

ಮಗುವಿನ ಕಡತ ಬೇರೆ, ಮದುವೆಯ ಕಡತ ಬೇರೆ ಎಂದೆ. ಹಾಗೆಂದು ಮದುವೆಯ ಕಡತವನ್ನು ಹಾಗೆಯೇ ಬಿಡಿ ಎಂದಲ್ಲ. ಸಂಸ್ಕಾರಗಳು ದೊಡ್ಡವು ಎಂದು ಮಗುವಿಗೆ ಕಲಿಸುತ್ತೇವೆ. ಸರಿಪಡಿಸಲು ಸಾಧ್ಯವಿದ್ದೂ ನಾವು ಸುಮ್ಮನಿದ್ದರೆ ನಮ್ಮ ಪಾಠವೇ ಸಪ್ಪೆಯಾಗುತ್ತದೆ. ಮತ್ತು ಬಹಳಷ್ಟು ಮದುವೆಗಳನ್ನು ಸರಿಪಡಿಸಬಹುದು. ಮೊದಲ ಮದುವೆಯ ತೊಡಕು ಇಲ್ಲದೆ, ಚರ್ಚಿನ ವಿಧಿಯಂತೆ ಆಗಿಲ್ಲ ಎಂಬುದಷ್ಟೇ ಕೊರತೆಯಾಗಿದ್ದರೆ, ಬೇಕಾದ ವಿನಾಯಿತಿ ಪಡೆದು ಗುರುಗಳು ಮತ್ತು ಇಬ್ಬರು ಸಾಕ್ಷಿಗಳ ಮುಂದೆ ಒಪ್ಪಿಗೆಯ ಮಾತು ಹೇಳಿದರೆ ಆಯಿತು. ಪೆಂಡಾಲು ಬೇಡ, ಊಟ ಬೇಡ, ಊರಿಗೆ ಸಾರಬೇಕಾಗಿಲ್ಲ.

ಗಂಡ ಚರ್ಚಿಗೆ ಬರಲು ಒಪ್ಪದಿದ್ದರೆ ಇನ್ನೊಂದು ದಾರಿ ಇದೆ. ಬಹಳ ಜನರಿಗೆ ಇದು ಗೊತ್ತೇ ಇಲ್ಲ, ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಇಬ್ಬರ ದಾಂಪತ್ಯದ ಒಪ್ಪಿಗೆ ಮುರಿಯದೆ ಉಳಿದಿದ್ದರೆ, ಮತ್ತೆ ವಿಧಿ ನಡೆಸದೆಯೇ, ಆ ಮದುವೆಯನ್ನು ಮೂಲದಿಂದ ಸಕ್ರಮಗೊಳಿಸುವ ಅಧಿಕಾರ ಧರ್ಮಾಧ್ಯಕ್ಷರಿಗೆ ಇದೆ. ದೀಕ್ಷಾಸ್ನಾನ ಪಡೆಯದವರನ್ನು ಮದುವೆಯಾದವರಿಗೂ ಇದನ್ನು ಕೊಡಬಹುದು, ಕಥೋಲಿಕ ಸಂಗಾತಿ ಮಕ್ಕಳ ಬಗ್ಗೆ ಕೊಡಬೇಕಾದ ಮಾತನ್ನು ಕೊಟ್ಟರೆ. ಅದಕ್ಕೆ ಅರ್ಜಿ ಹೋಗುವುದು ನಿಮ್ಮ ಧರ್ಮಕೇಂದ್ರದ ಗುರುಗಳ ಮೂಲಕ. ‘ಗಂಡ ಬರುವುದಿಲ್ಲ, ಹೀಗಾಗಿ ಏನೂ ಆಗುವುದಿಲ್ಲ’ ಎಂದು ಕೈಚೆಲ್ಲಿ ಕೂತ ಅಕ್ಕ-ತಂಗಿಯರಿಗೆ ಈ ಒಂದು ಸಂಗತಿಯನ್ನು ದಯವಿಟ್ಟು ತಲುಪಿಸಿ.

ಮೊದಲ ಮದುವೆ ಇದ್ದವರ ದಾರಿ ಉದ್ದ. ಆ ಮದುವೆ ಆರಂಭದಿಂದಲೇ ಊರ್ಜಿತವಾಗಿತ್ತೇ ಇಲ್ಲವೇ ಎಂದು ಧರ್ಮಸಭೆಯ ನ್ಯಾಯಮಂಡಳಿ ಪರಿಶೀಲಿಸಬೇಕು. 2015ರ ಡಿಸೆಂಬರ್ 8ರಿಂದ ಆ ಪ್ರಕ್ರಿಯೆ ಸರಳವಾಗಿದೆ. ಎರಡನೆಯ ನ್ಯಾಯಮಂಡಳಿಯೂ ಅದೇ ತೀರ್ಪು ಕೊಡಲೇಬೇಕು ಎಂಬ ನಿಯಮ ಹೋಗಿದೆ. ಇಲ್ಲಿ ಪಾಲಕರನ್ನು ಕಾಡುವ ಭಯ ಒಂದೇ: ‘ಮದುವೆ ಅಸಿಂಧು ಎಂದರೆ ಆ ಮದುವೆಯ ಮಕ್ಕಳು?’ ಅವರಿಗೆ ಏನೂ ಆಗುವುದಿಲ್ಲ. ಒಬ್ಬರಾದರೂ ಪ್ರಾಮಾಣಿಕವಾಗಿ ಊರ್ಜಿತವೆಂದು ನಂಬಿ ಚರ್ಚಿನಲ್ಲಿ ಆದ ಮದುವೆಯ ಮಕ್ಕಳು ಧರ್ಮಸಭೆಯ ಕಾನೂನಿನಲ್ಲಿ ನ್ಯಾಯಸಮ್ಮತ ಮಕ್ಕಳು. 1137ನೆಯ ವಿಧಿ ಅದನ್ನು ಸ್ಪಷ್ಟವಾಗಿ ಹೇಳುತ್ತದೆ.

ವಕೀಲೆಯಾಗಿ ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಧರ್ಮಸಭೆಯ ಈ ತೀರ್ಪು ಸರಕಾರಿ ಕಾನೂನಿನಲ್ಲಿ ವಿಚ್ಛೇದನವಲ್ಲ. ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದೆ, 2017ರಲ್ಲಿ ಮತ್ತೆ ಹೇಳಿದೆ. ಎರಡೂ ಕಡೆ ಬಿಡುಗಡೆ ಬೇಕು, ಒಂದರಿಂದ ಇನ್ನೊಂದು ಬರುವುದಿಲ್ಲ. ಇನ್ನೊಂದು ಸಂಗತಿ ಇದಕ್ಕಿಂತ ಹೆಚ್ಚು ಮನೆಗಳಿಗೆ ಸಂಬಂಧಿಸಿದ್ದು. ಕ್ರೈಸ್ತರು ಮತಾಂತರವಾಗದೆ ಹಿಂದೂ ಸಂಗಾತಿಯನ್ನು ಮಂಟಪದಲ್ಲಿ ಮದುವೆಯಾಗಿ ಹಿಂದೂ ವಿವಾಹ ಕಾಯ್ದೆಯಡಿ ನೋಂದಾಯಿಸಿರುತ್ತಾರೆ. ಆ ಕಾಯ್ದೆಯ ಮದುವೆಗೆ ಇಬ್ಬರೂ ಹಿಂದೂಗಳಾಗಿರಬೇಕು. 2008ರಲ್ಲಿ ಸುಪ್ರೀಂ ಕೋರ್ಟ್ ಇಂಥ ಒಂದು ಮದುವೆ ಊರ್ಜಿತವಲ್ಲ ಎಂದಿತು. ಅಂಥವರು 1954ರ ವಿಶೇಷ ವಿವಾಹ ಕಾಯ್ದೆಯಡಿ ತಮ್ಮ ಮದುವೆಯನ್ನು ನೋಂದಾಯಿಸಿಕೊಳ್ಳಲಿ. ಆ ಕಾಯ್ದೆಯ 18ನೆಯ ಕಲಂ ಪ್ರಕಾರ, ಮದುವೆಯ ಕಾರ್ಯ ನಡೆದ ದಿನದ ನಂತರ ಹುಟ್ಟಿದ ಮಕ್ಕಳ ಹೆಸರೂ ನೋಂದಣಿ ಪುಸ್ತಕದಲ್ಲಿ ಸೇರುತ್ತದೆ, ಅವರು ಎಲ್ಲ ರೀತಿಯಲ್ಲೂ ನ್ಯಾಯಸಮ್ಮತ ಮಕ್ಕಳೆನಿಸುತ್ತಾರೆ. ಚರ್ಚಿನ ಕೆಲಸಕ್ಕೆ ಓಡಾಡುವಾಗ ಇದನ್ನೂ ನೋಡಿಕೊಳ್ಳಿ. ಆಸ್ತಿಯ ಮಾತು ಬಂದ ದಿನ ಬೇಕಾಗುತ್ತದೆ.

ಚೀಟಿಯಲ್ಲಿ ಒಂದು ಪ್ರಶ್ನೆ ಬಂದಿದೆ. ಒಬ್ಬ ಅಜ್ಜಿಯದು. ಮಗ ನೋಂದಣಿ ಮದುವೆಯಾಗಿದ್ದಾನೆ, ಮೊಮ್ಮಗುವಿಗೆ ದೀಕ್ಷಾಸ್ನಾನ ಕೊಡಿಸಿಲ್ಲ, ‘ಸ್ನಾನ ಮಾಡಿಸುವಾಗ ನಾನೇ ತಲೆಯ ಮೇಲೆ ನೀರು ಹೊಯ್ದು ಮಂತ್ರ ಹೇಳಿಬಿಟ್ಟರೆ ತಪ್ಪೇ’ ಎಂದು ಕೇಳಿದ್ದಾರೆ. ಅಜ್ಜಿ, ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಮಗು ಸಾವಿನ ಅಪಾಯದಲ್ಲಿ ಇಲ್ಲದಿರುವಾಗ, ತಂದೆ-ತಾಯಿಗೆ ತಿಳಿಯದಂತೆ ಹಾಗೆ ಮಾಡುವಂತಿಲ್ಲ. ಸರಿಯಾದ ಉದ್ದೇಶದಿಂದ, ಸರಿಯಾದ ಮಾತಿನಿಂದ ನೀರು ಹೊಯ್ದರೆ ಅದು ನಿಜವಾದ ದೀಕ್ಷಾಸ್ನಾನವೇ ಆಗುತ್ತದೆ, ಮತ್ತೊಮ್ಮೆ ಕೊಡಲು ಬರುವುದಿಲ್ಲ. ಆದರೆ ಪುಸ್ತಕದಲ್ಲಿ ಹೆಸರಿಲ್ಲ, ಜ್ಞಾನಪೋಷಕರಿಲ್ಲ, ಬೆಳೆಸುವವರಿಗೆ ಗೊತ್ತೇ ಇಲ್ಲ. ನಾಳೆ ಮಗನಿಗೆ ತಿಳಿದರೆ ಮೊಮ್ಮಗುವನ್ನು ನಿಮ್ಮ ಕೈಗೆ ಕೊಡುವುದನ್ನೇ ನಿಲ್ಲಿಸಬಹುದು. ಅದರ ಬದಲು ಮಗನನ್ನು ಕೂರಿಸಿಕೊಂಡು ಕೇಳಿ. ಇಬ್ಬರಲ್ಲಿ ಒಬ್ಬರು ಒಪ್ಪಿದರೆ ಸಾಕು ಎಂದು ತಿಳಿಸಿ. ಭಾನುವಾರ ಕರೆದುಕೊಂಡು ಹೋಗುವ ಹೊಣೆ ನನ್ನದು ಎನ್ನಿ. ನೀವೇ ಹೊಣೆ ಹೊತ್ತರೆ ಅದನ್ನೂ ಆಧಾರವುಳ್ಳ ಭರವಸೆ ಎಂದು ಗುರುಗಳು ಪರಿಗಣಿಸಬಹುದು.

ಈಗಾಗಲೇ ಹಾಗೆ ನೀರು ಹೊಯ್ದವರು ಇಲ್ಲಿ ಯಾರಾದರೂ ಇದ್ದರೆ ಮುಚ್ಚಿಡಬೇಡಿ. ಯಾವ ದಿನ, ಯಾವ ಮಾತು ಹೇಳಿದಿರಿ, ಹತ್ತಿರ ಯಾರಿದ್ದರು ಎಂಬುದನ್ನು ಗುರುಗಳಿಗೆ ತಿಳಿಸಿ. ತಂದೆ-ತಾಯಿಗೂ ಹೇಳಬೇಕಾಗುತ್ತದೆ, ಗುರುಗಳ ಎದುರಿಗೆ ಹೇಳಿದರೆ ಮಾತು ಹದವಾಗಿ ಹೋಗುತ್ತದೆ. ಮಗುವಿನ ಜನನ ಪ್ರಮಾಣಪತ್ರದ ಪ್ರತಿಯನ್ನು ಜೊತೆಗೆ ತನ್ನಿ, ಪುಸ್ತಕದಲ್ಲಿ ದಾಖಲಿಸಲು ಅದು ಬೇಕು.